ಭಾವನ ವರ್ಷದ ಐದು ಲೋಕಗಳು

ನಮ್ಮ ಭಾವ ಭೂಮಿಯ ಮೇಲೆ ವಾಸವಾಗಿಲ್ಲ. ಪಡಿತರ ಚೀಟಿಯಲ್ಲಿ ನಂಜನಗೂಡು ಎಂದಿರುವುದೇನೋ ನಿಜ. ಆದರೆ ಪಡಿತರ ಚೀಟಿಯಲ್ಲಿ ಬರೆದದ್ದನ್ನೆಲ್ಲ ನಂಬಲಾದೀತೇ? ಊರಾಚೆಯ ತಾಂಡ್ಯ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ನೋಡಿಕೊಳ್ಳುವ ಈ ಮಹಾನುಭಾವರು, ಪಾಳಿ ಮುಗಿಸಿ ಬಂದು ಕೈಕಾಲು ತೊಳೆದರೆಂದರೆ ತಟ್ಟೆ ಹಾಕುವವರೆಗೂ ಯಾವುದೋ ಗ್ರಹದಲ್ಲಿರುತ್ತಾರೆ. ಮಾಯಾಲೋಕದ ಕಥೆ, ರಾಕೆಟ್ಟಿನ ಕಥೆ ಬಿಟ್ಟು ಬೇರೆ ಪುಸ್ತಕ ಮುಟ್ಟುವುದಿಲ್ಲ. ಐವತ್ತೇಳು ವರ್ಷ! ಓರಗೆಯವರೆಲ್ಲ ಮಂಡಿನೋವಿನ ಎಣ್ಣೆಯ ಮಾತಾಡುವಾಗ ಇವರದು ಮಂಗಳ ಗ್ರಹದ ಮಣ್ಣಿನ ಚಿಂತೆ.

ಓದಿಕೊಂಡು ಸುಮ್ಮನಿದ್ದರೆ ಯಾರಿಗೇನು ನಷ್ಟ? ವರ್ಷಕ್ಕೊಮ್ಮೆ, ಅವರೆಕಾಯಿ ಕಾಲದಲ್ಲಿ, ‘ಈ ವರ್ಷದ ಐದು’ ಎಂದು ಪಟ್ಟಿ ಹೊರಡಿಸುತ್ತಾರೆ. ಅದಕ್ಕವರು ಹೊತ್ತು ನೋಡುವ ಜಾಣತನ ನೋಡಿ! ನಾನು ಟಿ. ನರಸೀಪುರದಿಂದ ಬಸ್ಸು ಹಿಡಿದು ಬಂದು, ಅಕ್ಕನ ಜೊತೆ ನೆನೆಸಿದ ಅವರೆಕಾಳಿನ ಬೋಗುಣಿಯ ಮುಂದೆ ಕೂತಿರುತ್ತೇನೆ. ಒಂದೊಂದೇ ಕಾಳು ಹಿದುಕಿ ಸಿಪ್ಪೆ ಬೇರೆ ಮಾಡಬೇಕು. ಎರಡು ಗಂಟೆಗೆ ಕಡಿಮೆಯ ಕೆಲಸವಲ್ಲ. ಎದ್ದು ಓಡುವಂತಿಲ್ಲ. ಅಂಟು ಕೈಯಲ್ಲಿ ಕಿವಿ ಮುಚ್ಚಿಕೊಳ್ಳುವಂತೆಯೂ ಇಲ್ಲ! ಆಗ ಭಾವ ಕುರ್ಚಿ ಎಳೆದುಕೊಂಡು ಎದುರಿಗೆ ಕೂರುತ್ತಾರೆ. ನೂರಕ್ಕೆ ಇಷ್ಟು ಎಂದು ಪುಸ್ತಕಗಳಿಗೆ ಅಂಕ ಬೇರೆ.

ಒಂದು ವರ್ಷ ಬೆಂಕಿಯುಗುಳುವ ಹಾರುವ ಹಾವಿಗೆ ಮೊದಲ ಸ್ಥಾನ ಬಂತು. ಭಾವ ಪಕ್ಕದ ಹೆಡತಲೆ ಊರಿನವರು, ಅಳತೆಗಳೂ ಹಕಾರ ನುಂಗುವ ಮಾತೂ ಅಲ್ಲಿನವೇ.

“ಅದ್ರ ತಲೆ ಇಲ್ಲಿ ಕಪಿಲಾ ಸೇತ್ವೆ ಮ್ಯಾಲಿದ್ರೆ, ಬಾಲ ನಮ್ ಎಡತಲೆ ಕೆರೆ ಏರಿ ಮ್ಯಾಲೆ ಕಣಮ್ಮ!”

“ಸರಿ ಭಾವ, ಅದರ ಸಗಣಿ ಬಾಚೋರು ಯಾರು?”

ನಾನು ಕೇಳಿದ್ದು ಕುಹಕಕ್ಕೆ. ಅವರು ಕನ್ನಡಕ ತೆಗೆದು ಐದು ನಿಮಿಷ ಯೋಚಿಸಿದರು. “ಬರ್ದೋರು ಏಳೇ ಇಲ್ವಲ್ಲ...” ಎಂದು ಪೆನ್ನು ತೆಗೆದು ನಾಲ್ಕು ಅಂಕ ಕಳೆದರು!

ಇನ್ನೊಂದು ವರ್ಷ ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಯಂತ್ರ. ಇನ್ನೂರು ವರ್ಷ ಹಿಂದಕ್ಕೆ ಹೋದವನು ಹೇಗೆ ವಾಪಸ್ಸು ಬಂದ ಎಂದು ಭಾವ ವಿವರಿಸುತ್ತಿದ್ದಾಗ, ಅವರ ತಲೆಯ ಮೇಲಿನ ಗೋಡೆ ಗಡಿಯಾರ ಆಯುಧಪೂಜೆಯ ದಿನದಿಂದಲೂ ಹತ್ತೂಕಾಲು ತೋರಿಸುತ್ತಿತ್ತು.

“ಭಾವ, ಅವನು ಬರೋದಿರಲಿ. ಮೊದಲು ಅದಕ್ಕೊಂದು ಸೆಲ್ ಹಾಕಿ.”

“ನಿಂಗೆ ವಿಜ್ಞಾನ ಅತ್ತಲ್ಲ ಬುಡು,” ಎಂದರು.

ಇಷ್ಟಾಗಿದ್ದರೆ ನಕ್ಕು ಬಿಡುತ್ತಿದ್ದೆ. ಕಳೆದ ಶ್ರಾವಣದಲ್ಲಿ ಅಕ್ಕನಿಗೆ ದೊಡ್ಡ ಕಾಯಿಲೆ ಬಂತು. ಮೂರು ವಾರಕ್ಕೊಮ್ಮೆ ಮೈಸೂರಿನ ಆಸ್ಪತ್ರೆ, ಅರ್ಧ ದಿನ ಕೈಗೆ ಡ್ರಿಪ್. ಆ ಉದ್ದನೆಯ ಜಡೆ ಹೋಗಿ ತಲೆಗೆ ಹತ್ತಿಯ ವಸ್ತ್ರ ಬಂತು. ಉಳಿಯುತ್ತಾಳೋ ಇಲ್ಲವೋ ಎಂದು ನಾನು ದೇವರ ಮನೆಯಲ್ಲಿ ಗಂಟೆಗಟ್ಟಲೆ ಕೂತರೆ, ಇವರೇನು ಮಾಡುತ್ತಿದ್ದರು? ಒಂದು ಸಲ ನಾನೂ ಜೊತೆಗೆ ಹೋಗಿದ್ದೆ. ಡ್ರಿಪ್ಪಿನ ಪಕ್ಕ ಸ್ಟೂಲು ಹಾಕಿಕೊಂಡು, ಅಕ್ಕನಿಗೆ ಕಥೆ ಹೇಳುತ್ತಾ ಅಂತರಿಕ್ಷದ ಹಡಗು ನಡೆಸುತ್ತಿದ್ದಾರೆ!

“ಭಾವ, ಡಾಕ್ಟರು ಏನಂದ್ರು?”

“ಇರು ತಾಯಿ, ಅಡಗು ಈಗ ತಾನೇ ಗುರುಗ್ರಹ ದಾಟ್ತಾ ಐತೆ.”

ಇವರ ತಲೆಗೆ ಯಾವ ಡಾಕ್ಟರಪ್ಪಾ ಎಂದು ಹಲ್ಲು ಕಚ್ಚಿಕೊಂಡೆ. ಆ ಹಡಗಿಗೆ ಒಬ್ಬ ನಡುವಯಸ್ಸಿನ ಹೆಂಗಸು ಯಜಮಾನಿ. ಎಂಜಿನ್ನು ಕೆಟ್ಟು, ದಾರಿ ತಪ್ಪಿ, ಗಾಳಿ ಮುಗಿಯುತ್ತಾ ಬಂದರೂ ಧೃತಿಗೆಡದೆ, ಕೊನೆಗೆ ಮನೆಗೆ ಮರಳಿ ಬರುವ ಕಥೆಯಂತೆ. ಮುಂದಿನ ಸಲ ಅದೇ, ಅದರ ಮುಂದಿನ ಸಲವೂ ಅದೇ. ನವೆಂಬರಿಗೆಲ್ಲ ತೊಂಬತ್ತೊಂಬತ್ತು ಅಂಕ, ಮೊದಲ ಸ್ಥಾನ ಖಾಯಂ.

ಅವರ ಬಂಡವಾಳ ಬಯಲು ಮಾಡಲೇಬೇಕೆಂದು ಆ ಪುಸ್ತಕದ ಹೆಸರು ಬರೆದುಕೊಂಡು ನಮ್ಮೂರಿನ ಲೈಬ್ರರಿಯಿಂದ ತಂದೆ. ಅನ್ನ ಬೇಯುವಾಗ ನಾಲ್ಕು ಪುಟ, ಹಾಲು ಕಾಯುವಾಗ ಎರಡು. ಮೂರು ಸಲ ಹಾಲು ಉಕ್ಕಿತು. ಮೂವತ್ತಾರನೇ ದಿನ ಇನ್ನೂರ ಹನ್ನೆರಡನೇ ಪುಟಕ್ಕೆ ಬಂದರೆ, ಆ ಹೆಂಗಸು ಸತ್ತೇ ಹೋದಳು! ಮನೆಗೆ ಬರುವುದೆಲ್ಲಿ ಬಂತು? ಉಳಿದ ಅರ್ಧ ಪುಸ್ತಕ ಬೇರೆಯವರು ಅಳುವುದಕ್ಕೇ ಮೀಸಲು. ಅಂದರೆ ಭಾವ ಅರ್ಧ ಓದಿ ಅಂಕ ಹಾಕುವ ಮೇಷ್ಟ್ರು! ಇಷ್ಟು ವರ್ಷ ನನ್ನ ಕಿವಿ ತಿಂದವರನ್ನು ಈ ಸಲ ಬಿಡುತ್ತೇನೆಯೇ? ಅವರೆಕಾಯಿಗಾಗಿ ನಾನು ಅಷ್ಟು ಆಸೆಯಿಂದ ಎಂದೂ ಕಾದಿರಲಿಲ್ಲ.

ಜನವರಿಯಲ್ಲಿ ಹೋದೆ. ಅಕ್ಕ ದಿಂಬಿಗೊರಗಿ ನಿಧಾನಕ್ಕೆ ಕಾಳು ಹಿದುಕುತ್ತಿದ್ದಳು. ಭಾವ ಐದು, ನಾಲ್ಕು, ಮೂರು, ಎರಡು ಮುಗಿಸಿ ಒಂದಕ್ಕೆ ಬಂದರು.

“ಕೊನೇಗೆ ಆಯಮ್ಮ ಅಡಗು ಇಳ್ದು, ಮನೆ ದಾರಿ ಇಡ್ದು...”

“ಭಾವ,” ಎಂದೆ, ಬೆಲ್ಲ ತಿಂದಷ್ಟು ಸವಿಯಾಗಿ. “ನಾನೂ ಓದಿದೆ ಆ ಪುಸ್ತಕ. ಇನ್ನೂರ ಹನ್ನೆರಡನೇ ಪುಟದಲ್ಲಿ...”

ಭಾವನ ಮುಖದಿಂದ ರಕ್ತ ಇಳಿದುಹೋಯಿತು. ಹಾಗೊಂದು ಮುಖವನ್ನು ನಾನು ಆಸ್ಪತ್ರೆಯಲ್ಲೂ ನೋಡಿರಲಿಲ್ಲ.

“ಪುಟ್ಟಿ, ನನ್ನ ಮಾತ್ರೆ ಹೊತ್ತಾಯ್ತು. ಒಳಗೆ ಬಾ ಸ್ವಲ್ಪ,” ಎಂದು ಅಕ್ಕ ಎದ್ದಳು.

ಅಡುಗೆಮನೆಯಲ್ಲಿ ಮಾತ್ರೆಯ ಡಬ್ಬಿ ಮುಟ್ಟಲೇ ಇಲ್ಲ. ಪಿಸುದನಿಯಲ್ಲಿ, “ಸತ್ತೋಗ್ತಾಳೆ ಅಂತ ನಂಗೂ ಗೊತ್ತು ಕಣೆ. ಅವರು ಡ್ಯೂಟಿಗೆ ಹೋದಾಗ ಪೂರ್ತಿ ಓದಿದೀನಿ,” ಎಂದಳು.

“ಅಯ್ಯೋ! ಮತ್ತೆ ಸುಮ್ನೆ ಕೇಳ್ತೀಯಲ್ಲೇ?”

“ಕೇಳದೆ ಏನೇ? ಆ ಬಾಯ್ಲರ್ ಮುಂದೆ ನಿಂತು, ನಾಳೆ ಅವಳನ್ನ ಹೆಂಗೆ ಬದುಕಿಸೋದು ಅಂತ ಯೋಚ್ನೆ ಮಾಡ್ಕೊಂಡು ಬರ್ತಾರೆ ಪಾಪ. ಒಂದಿನ ಗಾಳಿ ಸಿಗೋ ಹಂಗೆ ಮಾಡಿದ್ರು, ಒಂದಿನ ಎಂಜಿನ್ ರಿಪೇರಿ. ನಂಗೆ ಗೊತ್ತು ಅಂತಂದ್ರೆ ಅವರ ಕೈಲಿ ಇನ್ನೇನಿದೆ ಮಾಡೋಕೆ?”

ಈಚೆ ಬಂದೆ. ಭಾವ ಕುರ್ಚಿಯ ತುದಿಯಲ್ಲಿ ಕೂತಿದ್ದರು.

“ಇನ್ನೂರ್ ಅನ್ನೆರಡನೇ ಪುಟ್ದಲ್ಲಿ... ಏನಮ್ಮ?” ಎಂದರು, ಅಡುಗೆಮನೆಯ ಬಾಗಿಲ ಕಡೆಯೇ ನೋಡುತ್ತಾ.

“ಅಲ್ಲೊಂದು ದೊಡ್ಡ ಅಚ್ಚಿನ ತಪ್ಪಿದೆ ಭಾವ. ನೀವು ಹೇಳಿದ್ದೇ ಸರಿ.”

ಅವರು ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಬಹಳ ಹೊತ್ತು ಒರೆಸಿದರು. ಆಮೇಲೆ ಕುರ್ಚಿ ಮುಂದಕ್ಕೆಳೆದುಕೊಂಡು, “ಎಲ್ಲಿಗ್ ಬಂದಿದ್ದೆ ನಾನು?” ಎಂದರು.

ಒಳಗಿನಿಂದ ಅಕ್ಕನ ದನಿ ಬಂತು: “ಮನೆ ದಾರಿ ಹಿಡಿದಿದ್ಲು ಕಣ್ರೀ. ಮುಂದಕ್ಕೆ ಹೇಳಿ.”