ಹತ್ತಕ್ಕೆ ಏಳೇ ಅಂಕ ಕೊಡುವ ಮಾವ

ನನ್ನ ಸೋದರಮಾವನಿಗೆ ಅರ್ಥವಾಗದ ವಿಷಯ ಈ ಭೂಮಂಡಲದಲ್ಲೇ ಇಲ್ಲ. ಇದು ನನ್ನ ಅಭಿಪ್ರಾಯವಲ್ಲ, ಅವರದು! ಮೈಸೂರಿನಲ್ಲಿ ಮೂವತ್ತೈದು ವರ್ಷ ಇಂಗ್ಲಿಷ್ ಮೇಷ್ಟರಾಗಿದ್ದು, ಯಾರಿಗೂ ಹತ್ತಕ್ಕೆ ಏಳರ ಮೇಲೆ ಅಂಕ ಕೊಡದೆ ನಿವೃತ್ತರಾದವರು. ಈಗ ಸಿಂಗಪುರದ ಟ್ಯಾಂಪಿನೀಸಿನ ನಮ್ಮ ಮನೆಯಲ್ಲಿದ್ದಾರೆ. ಅಂಕದ ಪುಸ್ತಕ ಇನ್ನೂ ಜೇಬಿನಲ್ಲೇ ಇದೆ. ನನ್ನ ಹೆಂಡತಿಯ ಸಾರಿಗೆ ಆರೂವರೆ. ಎಂಆರ್‌ಟಿ ರೈಲಿಗೆ ಏಳು; ಸೀಟು ಸಿಗದ ದಿನ ಐದು.

ಶಿಷ್ಯರಿಲ್ಲದೆ ಸೊರಗುತ್ತಿದ್ದವರಿಗೆ ದೇವರು ಮೇಲಿನ ಮನೆಯ ಕೊರಿಯಾದ ಅಂಕಲ್‌ರನ್ನು ದಯಪಾಲಿಸಿದ. ಕಟ್ಟಡದ ಬುಡದಲ್ಲಿ ವಾಯ್ಡ್ ಡೆಕ್ ಎನ್ನುವ ತೆರೆದ ನೆಲಮಹಡಿಯ ಕಲ್ಲುಮೇಜೇ ಇಂಗ್ಲಿಷ್ ಪಾಠಶಾಲೆ. ಮಾವ ಬಂದರೆ ಅಂಕಲ್ ಎದ್ದು, ನಡು ಬಾಗಿಸಿ ವಂದಿಸುತ್ತಾರೆ. ಮೈಸೂರಿನಲ್ಲಿ ಇಂಥ ಭಕ್ತಿ ಯಾರಿಗಿತ್ತು?

ತೊಂದರೆ ಒಂದೇ. ಗುರುವಿನ ಎದುರು ತಿಳಿಯಲಿಲ್ಲ ಎನ್ನುವುದು ಅಂಕಲ್ ಪ್ರಕಾರ ಮಹಾ ಅವಿನಯ. ಎಲ್ಲದಕ್ಕೂ ‘ಯೆಸ್, ಟೀಚರ್’. ಹಾಗಾಗಿ ಮಾವ ‘ಕನ್‌ಫ್ಯೂಸ್ಡ್’ ಎಂಬ ಒಂದೇ ಪದಕ್ಕೆ ಇಡೀ ವಾರ ಮೀಸಲಿಟ್ಟರು. ಅರ್ಥ ಹೇಳಿದರೆ ಮರೆತುಹೋಗುತ್ತದಂತೆ, ಅನುಭವಿಸಬೇಕಂತೆ! ಶಿಷ್ಯನನ್ನು ಊರಿನ ಇನ್ನೊಂದು ತುದಿಯ ವುಡ್‌ಲ್ಯಾಂಡ್ಸ್ ಬಡಾವಣೆಗೆ ಕರೆದೊಯ್ದು, ಮೂರು ಬಸ್ಸು ಬದಲಿಸಿ, ಗುರುತಿಲ್ಲದ ಬ್ಲಾಕಿನ ಮುಂದೆ ನಿಲ್ಲಿಸಿ, ಈಗ ಹೇಗನ್ನಿಸುತ್ತಿದೆ ಎಂದು ಕೇಳಿದರು.

"ವೆರಿ ಹ್ಯಾಪಿ, ಟೀಚರ್."

ಅಷ್ಟರಲ್ಲಿ ಗುರುಗಳಿಗೇ ದಾರಿ ತಪ್ಪಿತ್ತು. ಫೋನು ಬಂದದ್ದೇ ನಾನು ಆಫೀಸು ಬಿಟ್ಟು ಓಡಿದೆ.

"ದಾರಿ ತಪ್ಪಲಿಲ್ಲ ಕಣೋ. ಇದು ಪ್ರಾಕ್ಟಿಕಲ್ ಕ್ಲಾಸು."

ಶಿಷ್ಯನಿಗೆ ನಾಲ್ಕು ಅಂಕ. ಟ್ಯಾಕ್ಸಿ ತಂದ ನನಗೆ ಆರು.

ಕಳೆದ ತಿಂಗಳು ಮಾವನಿಗೆ ಎದೆನೋವು ಕಾಣಿಸಿ ಆಸ್ಪತ್ರೆಗೆ ಹೋದೆವು. ಗುರುಗಳ ಚೀಲ ಹಿಡಿದು ಅಂಕಲ್ಲೂ ಬಂದರು. ಡಾಕ್ಟರು ಪರದೆಯ ಮೇಲೆ ಹೃದಯ ತೋರಿಸಿ, ಆಪರೇಷನ್ನೋ ಮಾತ್ರೆಯೋ ನೀವೇ ತೀರ್ಮಾನಿಸಿ ಎಂದು ಉದ್ದುದ್ದ ಪದಗಳಲ್ಲಿ ಸರಸರನೆ ವಿವರಿಸಿದರು. ಮಾವ ಗಂಭೀರವಾಗಿ ತಲೆಯಾಡಿಸಿದರು. ನಾನೂ ಆಡಿಸಿದೆ, ಸೋದರಳಿಯನಲ್ಲವೇ? ಆಪರೇಷನ್ನಿನ ಒಪ್ಪಿಗೆಪತ್ರ ಮುಂದೆ ಬಂತು. ಪೆನ್ನು ಹಿಡಿದ ಮಾವನ ಕೈ ಕಾಗದದ ಮೇಲೆ ಹಾಗೇ ನಿಂತಿತು.

ಹಿಂದಿನ ಕುರ್ಚಿಯಿಂದ ಅಂಕಲ್ ಎದ್ದರು. ನಡು ಬಾಗಿಸಿದರು.

"ಸಾರಿ, ಡಾಕ್ಟರ್. ಐ ಆಮ್ ಕನ್‌ಫ್ಯೂಸ್ಡ್. ಪ್ಲೀಸ್, ಸ್ಲೋಲಿ. ಒನ್ ಮೋರ್ ಟೈಮ್."

ಡಾಕ್ಟರು ಹಾಳೆಯ ಮೇಲೆ ಚಿತ್ರ ಬರೆದು ಮೊದಲಿಂದ ಹೇಳಿದರು. ಮಾವ ಮುಂದಕ್ಕೆ ಬಾಗಿ ಕೇಳಿಸಿಕೊಂಡರು. ಶಿಷ್ಯನ ಪರವಾಗಿ ನಾಲ್ಕು ಪ್ರಶ್ನೆ ಬೇರೆ ಕೇಳಿದರು! ಸದ್ಯಕ್ಕೆ ಮಾತ್ರೆ ಸಾಕೆಂದು ತೀರ್ಮಾನವಾಯಿತು.

ಹಿಂತಿರುಗುವಾಗ ಬಸ್ಸಿನಲ್ಲಿ ಮಾವ ಅಂಕದ ಪುಸ್ತಕ ತೆಗೆದು, ಶಿಷ್ಯನ ಹೆಸರಿನ ಮುಂದೆ ಒಂದು ಎಂದು ಬರೆದರು. ಸ್ವಲ್ಪ ಹೊತ್ತು ಬಿಟ್ಟು, ಪಕ್ಕದಲ್ಲೊಂದು ಸೊನ್ನೆ. ಆ ಸೊನ್ನೆ ಸೊಟ್ಟಗಾಗಿತ್ತು.

"ಬಸ್ಸು ಕುಲುಕತ್ತೆ ಕಣೋ" ಎಂದರು, ನನ್ನ ಕಡೆ ನೋಡದೆ.

ಬಸ್ಸು ಸಿಗ್ನಲ್ಲಿನಲ್ಲಿ ನಿಂತಿತ್ತು.