ಮೀಸೆ ಬರುವವರೆಗೆ ದೌಲಪ್ಪ ಗೌಡರು ಮೃತರು

ಚರ್ಮದ ಔಷಧಿಯಿಂದ ಕೂದಲು ಉದುರುವುದಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಕಲಬುರಗಿಯ ಒಂದು ಸರಕಾರಿ ದವಾಖಾನೆಯ ಗೋಡೆಯ ಮೇಲೆ ಇದನ್ನು ಉರ್ದುವಿನಲ್ಲೂ ಕನ್ನಡದಲ್ಲೂ ಬರೆಸಲಾಗಿತ್ತು. ಆದ್ದರಿಂದ ಕಮಲಾಪುರದ ದೌಲಪ್ಪ ಗೌಡರು ಸಾಯಬೇಕಾಯಿತು.

ಗೌಡರ ಮಗ ಖಂಡೆಪ್ಪನಿಗೆ ಮೂಗಿನ ಕೆಳಗೆ ಗಜಕರ್ಣವಾಗಿತ್ತು. ದವಾಖಾನೆಯ ಡಾಕ್ಟರ್ ಗುರುಲಿಂಗಪ್ಪನವರು ಒಂದು ಡಬ್ಬಿ ಹಳದಿ ಮುಲಾಮು ಕೊಟ್ಟರು. ಕೆಲವೇ ದಿನಗಳಲ್ಲಿ ಗಜಕರ್ಣ ಇದ್ದಲ್ಲೇ ಇತ್ತು, ಮೀಸೆ ಮಾತ್ರ ದಿಂಬಿನ ಮೇಲಿತ್ತು.

ಆ ಮನೆತನದಲ್ಲಿ ಗಂಡಸರು ಮೀಸೆ ತೆಗೆಸುವುದು ತಂದೆ ತೀರಿದಾಗ ಮಾತ್ರ. ಈ ರೂಢಿ ತಹಶೀಲ್ ಕಚೇರಿಗೂ ತಿಳಿದಿತ್ತು. ಬೇರಾವುದೋ ಕೆಲಸಕ್ಕೆ ಬಂದ ಖಂಡೆಪ್ಪನ ಬೋಳು ತುಟಿ ಕಂಡು ಅಲ್ಲಿನ ಹಿರಿಯ ಗುಮಾಸ್ತ ವಹಾಬ್ ಸಾಹೇಬರು ಎದ್ದು ನಿಂತರು, ಕಣ್ಣು ಒರೆಸಿಕೊಂಡರು, ಕೂತರು, ಹುಕುಂ ಬರೆದರು: ದೌಲಪ್ಪನ ಮರಣದಿಂದ ಖಾಲಿಯಾದ ಊರ ಗೌಡಕಿ ಮಗನಿಗೆ ಸಲ್ಲತಕ್ಕದ್ದು.

"ನಮ್ಮಪ್ಪ..." ಎಂದು ಬಾಯಿ ತೆರೆದಿದ್ದ ಖಂಡೆಪ್ಪ, ಗೌಡಕಿ ಎಂದು ಬರೆದದ್ದು ಓದಿ ದುಃಖದಿಂದ ಹುಕುಂ ಮಡಚಿ ಜೇಬಿಗಿಟ್ಟುಕೊಂಡನು.

ಮರುದಿನ ಮೃತರು ಎತ್ತಿನ ಗಾಡಿ ಕಟ್ಟಿಸಿಕೊಂಡು ಕಚೇರಿಗೆ ಬಂದರು.

"ನಾ ಜೀವಂತ ಇದ್ದೀನ್ರೀ ಸಾಹೇಬ್ರ. ನನ್ನ ಗೌಡಕಿ ನನಗ ಕೊಡ್ರಿ."

"ಕೂಡ್ರಿ ಗೌಡ್ರ, ಚಾ ಕುಡೀರಿ," ಎಂದರು ವಹಾಬ್ ಸಾಹೇಬರು. "ನಿಮ್ಮ ಮಾತು ನಾ ನಂಬ್ತೀನಿ. ಆದ್ರ ಮಗನ ಮೀಸಿ ಎಲ್ಲಿ ಹೋದ್ವು?"

"ಮುಲಾಮಿಗೆ ಉದುರ್ಯಾವ್ರೀ."

"ಸರಕಾರಿ ಮುಲಾಮಿಗೆ?"

"ಹೂಂರೀ."

"ಹಂಗ ಆಗಂಗಿಲ್ಲಲ್ರೀ."

ವಿಚಾರಣೆಗೆ ಎಲ್ಲರೂ ದವಾಖಾನೆಗೆ ಹೋದರು. ಡಾಕ್ಟರರು ಹುಬ್ಬು ಇರಬೇಕಾದ ಜಾಗವನ್ನು ಮೇಲೇರಿಸಿದರು. ಅವರೂ ಅದೇ ಮುಲಾಮು ಹಚ್ಚುತ್ತಿದ್ದರು.

"ಮುಲಾಮಿನ ಕೆಲಸ ಚರ್ಮದ ಮ್ಯಾಲ," ಎಂದರು. "ಕೂದ್ಲ ಬ್ಯಾರೆ ಇಲಾಖೆ. ಹಚ್ಚಿದ ಮ್ಯಾಲ ಉದುರ್ಯಾವ, ಖರೆ. ಹಚ್ಚಿದ್ದಕ್ಕ ಉದುರಿಲ್ಲ."

ಹೀಗಾಗಿ ಮುಲಾಮು ತಪ್ಪಿರಬೇಕು, ಇಲ್ಲವೇ ಗೌಡರು ಸತ್ತಿರಬೇಕು. ಡಬ್ಬಿಯ ಮೇಲೆ ಸರಕಾರದ ಮೊಹರು ಇತ್ತು. ಗೌಡರ ಮೇಲೆ ಇರಲಿಲ್ಲ. ಕಚೇರಿಯು ಕರುಣೆಯಿಂದ ಹೊಸ ನಿಯಮ ಹೊರಡಿಸಿತು: ಮಗನ ಮೀಸೆ ಪೂರ್ತಿ ಬೆಳೆಯುವವರೆಗೆ ತಂದೆಯನ್ನು ಮೃತನೆಂದೇ ತಿಳಿಯತಕ್ಕದ್ದು, ಆ ಅವಧಿಯಲ್ಲಿ ಮೃತನು ಕಚೇರಿಗೆ ಬಂದು ತಕರಾರು ಮಾಡತಕ್ಕದ್ದಲ್ಲ.

ಕಮಲಾಪುರದ ಹೆಂಗಸರು ಗೌಡರ ಹೆಂಡತಿ ಭಾಗಮ್ಮನನ್ನು ಸಮಾಧಾನ ಮಾಡಲು ಬಂದರು.

"ಸತ್ತಾರಂತೀರಿ, ದಿನಾ ನಾಕು ರೊಟ್ಟಿ ಯಾರು ತಿಂತಾರವ್ವಾ?" ಎಂದು ಭಾಗಮ್ಮ ಕೇಳಿದಳು.

"ಸತ್ತವ್ರಿಗೆ ಹಸಿವಿ ಜಾಸ್ತಿ, ಅಕ್ಕಾ," ಎಂದಳು ನೆರೆಮನೆಯ ಸೂಗಮ್ಮ.

ಗೌಡರ ಜೀವವೆಲ್ಲ ಮಗನ ಮೇಲ್ದುಟಿಗೆ ಅಂಟಿಕೊಂಡಿತು. ದಿನಾ ಬೆಳಿಗ್ಗೆ ಅವನನ್ನು ಬಿಸಿಲಿಗೆ ನಿಲ್ಲಿಸಿ, ಬೆಳೆ ನೋಡುವವರಂತೆ ಬಗ್ಗಿ ನೋಡುತ್ತಿದ್ದರು. ಕೊನೆಗೊಂದು ದಿನ ಸಣ್ಣ ಕರಿ ಚಿಗುರು ಕಂಡಿತು.

"ಬಂದಾವ," ಎಂದರು ಗೌಡರು. ಕಣ್ಣಲ್ಲಿ ನೀರಿತ್ತು.

ಗೌಡಕಿಯ ರುಮಾಲು ಸುತ್ತಿಕೊಂಡಿದ್ದ ಖಂಡೆಪ್ಪ ಮುಟ್ಟಿ ನೋಡಿಕೊಂಡನು.

"ಗಜಕರ್ಣ ಇನ್ನಾ ಹೋಗಿಲ್ಲಪ್ಪಾ," ಎಂದು ಹೊಸ ಡಬ್ಬಿ ತೆರೆದನು.

ಆಮೇಲೆ ಸುತ್ತಲಿನ ಊರುಗಳ ಗೌಡರ ಮಕ್ಕಳಿಗೆಲ್ಲ ಗಜಕರ್ಣ ಹಬ್ಬಿತು. ದವಾಖಾನೆಯ ಮುಂದೆ ಸಾಲು ನಿಂತಿತು. ಔಷಧಿಯ ಮೇಲೆ ರಯತರ ವಿಶ್ವಾಸ ಹೆಚ್ಚಿದ್ದಕ್ಕೆ ಡಾಕ್ಟರರಿಗೆ ಬಡ್ತಿಯಾಯಿತು.

ಕಮಲಾಪುರದಲ್ಲಿ ಅಂದಿನಿಂದ ಬೆಳಿಗ್ಗೆ ಮಗ ಮುಲಾಮು ಹಚ್ಚಿಕೊಳ್ಳುವಾಗ ತಂದೆಯೇ ಕನ್ನಡಿ ಹಿಡಿಯುತ್ತಿದ್ದರು.

"ಮೆಲ್ಲಕ ಹಚ್ಚಪಾ," ಎನ್ನುತ್ತಿದ್ದರು. "ಹುಬ್ಬಿಗೆ ಹತ್ತಿಸಬ್ಯಾಡ. ಅವೂ ಉದುರಿದ್ರ ನಿಮ್ಮವ್ವನ್ನೂ ಸತ್ತಾಳಂತ ಬರಕೋತಾರ."