ಬಸ್ಸಿನಿಂದ ಇಳಿಯದ ಅಂಬಿಗ

ನನ್ನ ಸೋದರಮಾವ ಬಸ್ಸಿನಲ್ಲಿ ಹೋಗದ ಊರಿಲ್ಲ. ಆದರೆ ಇಳಿಯಬೇಕಾದ ಊರಿನಲ್ಲಿ ಇಳಿದವನಲ್ಲ!

ಮಾಂಜ್ರಾ ನದಿಗೆ ಸೇತುವೆ ಆಗುವ ಮೊದಲು ಭಾಲ್ಕಿ ಕಡೆಯ ದಂಡೆಯಿಂದ ಔರಾದ ಕಡೆಯ ದಂಡೆಗೆ ಅವನ ದೋಣಿ ಓಡುತ್ತಿತ್ತು. ಜನ, ಆಡು, ಸೈಕಲ್ಲು, ಒಮ್ಮೆ ಇಡೀ ಬ್ಯಾಂಡಿನವರು. ಅವರನ್ನು ಮದುವೆಗೆ ದಾಟಿಸಿದ್ದು ಎಂದು ಮಾವ; ಆ ದಿನ ಯಾವ ಮದುವೆಯೂ ಇರಲಿಲ್ಲ ಎಂದು ಅತ್ತೆ. ಚರಿತ್ರೆ ಬೇಕಾದವರು ಇಬ್ಬರನ್ನೂ ಬೇರೆಬೇರೆ ಕೂರಿಸಿ ಕೇಳಬೇಕು!

ಸೇತುವೆಯ (ಮಾವನ ಬಾಯಲ್ಲಿ ಪೂಲ್) ಮೇಲೆ ಮೊದಲ ಬಸ್ಸು ಹೊರಟ ದಿನ ಮಾವ ಕೆಳಗೆ ಖಾಲಿ ದೋಣಿ ಬಿಟ್ಟನಂತೆ. ಬಸ್ಸು ಯಾವಾಗಲೋ ದಾಟಿಯಾಗಿತ್ತು. ಆದರೂ "ನಾನs ಗೆದ್ದೆ" ಎನ್ನುತ್ತಾನೆ ಇಂದಿಗೂ.

"ಹ್ಯಾಂಗ ಮಾಮಾ?" ಎಂದು ನಾನು ಕೇಳಿದೆ.

"ಬಸ್ ದಾಟಿದ್ದು ಪೂಲ್. ಹೊಳಿ ದಾಟಾಂವ ನಾ ಒಬ್ಬನs!"

ದೋಣಿ ಹೋಯಿತು, ಅಂಬಿಗತನ ಹೋಗಲಿಲ್ಲ. ಬಸ್ ಹತ್ತಿದರೆ ಮೊದಲು ಭಾರ ಹಂಚುತ್ತಾನೆ. "ಅಕ್ಕಾ, ಈ ಬಾಜೂ ಬರ್ರಿ, ಆ ಬಾಜೂ ವಜ್ಜಿ ಆಗ್ಯದ!"

"ವಜ್ಜಿ ಯಾರಿಗಂತೀರಿ?" ಎಂದು ಒಬ್ಬಾಕೆ ಎದ್ದು ನಿಂತಳು.

"ನಿಮ್ಮ ಚೀಲಕ್ಕ ಅಂದೆನ್ರಿ!"

ಚೀಲದಲ್ಲಿ ಹಪ್ಪಳವಿತ್ತು.

ಎರಡನೆಯ ನಿಯಮ ಇನ್ನೂ ಕಠಿಣ: ಸವಾರಿಗಳೆಲ್ಲ, ಅಂದರೆ ಹತ್ತಿದ ಜನರೆಲ್ಲ, ಇಳಿದ ಮೇಲೆಯೇ ತಾನು ಇಳಿಯಬೇಕು. ಆದರೆ ಬಸ್ಸು ಖಾಲಿಯಾಗುವುದೆಂದು? ಔರಾದ ನಿಲ್ದಾಣದಲ್ಲಿ ಒಳಗಿನವರು ಇಳಿಯುವ ಮೊದಲೇ ಹೊರಗಿನವರು ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯುತ್ತಾರಲ್ಲ!

ಇದಕ್ಕೆ ಮಾವ ಕೊಡುವ ಕಾರಣ ದಿನಕ್ಕೊಂದು. ಅತ್ತೆ ಹೇಳುವುದು ಒಂದೇ. ಒಮ್ಮೆ ದಂಡೆ ಮುಟ್ಟಿದ್ದೇ ಮಾವ ಮೊದಲು ಜಿಗಿದ, ಹಗ್ಗ ಕೈಜಾರಿತು. ದೋಣಿ ನಡುನೀರಿಗೆ ಹೊರಟಿತು. ಒಳಗೆ ಅಂಬೆಗಾಲಿಡುವ ಮಗಳೊಬ್ಬಳೇ. ಈಜಿ ಹೋಗಿ ಹಿಡಿದು ತಂದ. ಮಗಳಿಗೆ ನೆನಪಿಲ್ಲ. "ಹಂಗೇನೂ ಆಗಿಲ್ಲ" ಎನ್ನುತ್ತಾನೆ ಮಾವ. ನಾನು ಯಾರನ್ನೂ ಪೂರ್ತಿ ನಂಬುವುದಿಲ್ಲ.

ಆ ಮಗಳ ಗಂಡನ ಮನೆ ಸೇತುವೆ ದಾಟಿದೊಡನೆ ಸಿಗುವ ಹಳ್ಳಿ. ಮೊನ್ನೆ ಅವಳ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ. ಅಪ್ಪ ಬರದೆ ಹೆಸರಿಡಗೊಡುವುದಿಲ್ಲ ಎಂದು ಅವಳ ಹಟ. ಮಾವನನ್ನು ಕರೆತರುವ ಹೊಣೆ ನನ್ನದು. ಹಳ್ಳಿ ಬಂತು, ಮಾವ ಏಳಲಿಲ್ಲ. "ಸವಾರಿ ಇನ್ನೂ ಅದಾವ." ನಿಲ್ದಾಣದಲ್ಲಿ ಕೂಸನ್ನೆತ್ತಿಕೊಂಡು ನಿಂತಿದ್ದ ಮಗಳ ಮುಂದೆಯೇ ಔರಾದಿಗೆ ಹೋದೆವು. ಮರಳುವಾಗಲೂ ಬಸ್ಸು ತುಂಬಿತ್ತು. ಈ ಸಲ ಹಳ್ಳಿ ಬಂದದ್ದೇ ಅವಳು ಕೂಸಿನೊಂದಿಗೆ ಹತ್ತಿ ಅಪ್ಪನ ಪಕ್ಕ ಕೂತುಬಿಟ್ಟಳು.

"ಅಪ್ಪಾ, ನೀ ಇಳಿಯೂತನಕ ನಾನೂ ಇಳಿಯೂದಿಲ್ಲ."

"ಮೊದಲ ನೀ ಇಳಿ."

"ನೀ ಇಳಿ."

"ಯಾರರೆ ಒಬ್ಬರು ಇಳೀರಿ ಕಾಕಾ!" ಎಂದ ಕಂಡಕ್ಟರ್. "ಹೆಸರು ಇಲ್ಲೇ ಇಟ್ಟಬಿಡ್ರಿ, ಸಕ್ಕರಿ ನಮಗೂ ಸಿಗ್ತದ!" ಎಂದು ಹಿಂದಿನ ಸೀಟಿನವರು. ಬಸ್ಸೆಲ್ಲ ನಗು.

ಮಗಳು ನಗಲಿಲ್ಲ. ಮೆಲ್ಲಗೆ ಅಂದಳು: "ಅಪ್ಪಾ, ನೀ ಕೆಳಗ ನಿಂತು ಹಿಡಕೋ. ಆಮ್ಯಾಲ ನಾ ಕೂಸಿನ ತಗೊಂಡು ಇಳಿತೇನಿ."

ಮಾವ ಎದ್ದ. ಎಲ್ಲರಿಗಿಂತ ಮೊದಲು ಇಳಿದ. ತಿರುಗಿ, ಬಾಗಿಲ ಪಕ್ಕದ ಕಂಬಿಯನ್ನು ಎರಡೂ ಕೈಯಿಂದ ಹಿಡಿದು, ಹಿಮ್ಮಡಿ ಊರಿ, ಅಷ್ಟು ದೊಡ್ಡ ಬಸ್ಸನ್ನು ದಂಡೆಗೆ ಜಗ್ಗಿ ನಿಂತ. ಕೈಯ ನರಗಳು ಉಬ್ಬಿದ್ದವು. ಕಂಡಕ್ಟರ್ 'ರೈಟ್' ಅನ್ನಲಿಲ್ಲ.

"ಇಳಿ, ಮಗಳ," ಎಂದ ಮಾವ. "ಹಿಡದೇನಿ."